ಎಂಟು ಕಿಟಕಿಗಳ ಕೋಣೆ

ಮೈಸೂರಿನ ರೈಲು ನಿಲ್ದಾಣದಿಂದ ಯಾದವಗಿರಿಗೆ ಹೆಚ್ಚು ದೂರವಿಲ್ಲ. ಅಲ್ಲಿನ ವಿವೇಕಾನಂದ ರಸ್ತೆಯಲ್ಲಿರುವ ಎರಡಂತಸ್ತಿನ ಮನೆಯೊಂದರ ಗೋಡೆ ಒಂದು ಕಡೆ ಅರ್ಧಚಂದ್ರದ ಹಾಗೆ ಹೊರಕ್ಕೆ ಬಾಗಿದೆ. ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಅದು. ಈಗ ಮೈಸೂರು ಮಹಾನಗರ ಪಾಲಿಕೆಯ ಸುಪರ್ದಿಯಲ್ಲಿರುವ ಮ್ಯೂಸಿಯಂ. ಬರೆಯಲೆಂದು ನಾರಾಯಣ್ ಇಲ್ಲಿ ಎಂಟು ಕಿಟಕಿಗಳ ಕೋಣೆಯೊಂದನ್ನು ಮಾಡಿಸಿಕೊಂಡಿದ್ದರು. ಚಾಮುಂಡಿ ಬೆಟ್ಟದ ಗುಡಿ, ಸುತ್ತಮುತ್ತಲಿನ ಸಣ್ಣ ದೊಡ್ಡ ಮನೆಗಳು ಎಲ್ಲವೂ ಅಲ್ಲಿ ಕೂತಲ್ಲಿಂದಲೇ ಕಾಣುತ್ತಿದ್ದವು. ಅದೇ ತೊಂದರೆಯಾಯಿತು. ಕಣ್ಣು ಹೊರಗೇ ಹೋಗಿ ನಿಂತಿತು, ಬರಹ ಮುಂದೆ ಸಾಗಲಿಲ್ಲ. ಕಡೆಗೆ ಒಂದು ಬೂದು ಪರದೆ ಇಳಿಬಿಟ್ಟು, ಅದಕ್ಕಿಂತ ಚೆಂದದ್ದೇನೂ ಕಣ್ಣಿಗೆ ಬೀಳದಂತೆ ಮಾಡಿಕೊಂಡು ಬರೆದೆ ಎಂದು ಆತ್ಮಕಥೆ 'ಮೈ ಡೇಸ್'ನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಲೇಖಕರ ಮನೆಗಳನ್ನು ಏಕೆ ಉಳಿಸಿಕೊಳ್ಳಬೇಕು, ಅಲ್ಲಿಗೆ ಹೋದವರು ಏನನ್ನು ನೋಡಬೇಕು ಎಂಬ ಪ್ರಶ್ನೆಗೆ ನನಗೆ ತೋರುವ ಅತ್ಯುತ್ತಮ ಉತ್ತರ ಆ ಪರದೆಯಲ್ಲಿದೆ. ಲೇಖಕನ ಮನೆ ಅವನು ದುಡಿದ ಜಾಗ. ಬರವಣಿಗೆ ಎಂಬ ಕೆಲಸ ಎಂಥ ಅನುಕೂಲ, ಎಂಥ ಅಡ್ಡಿಗಳ ನಡುವೆ ನಡೆಯಿತು ಎಂಬುದಕ್ಕೆ ಅದು ಸಾಕ್ಷಿ. ಆ ಸಾಕ್ಷಿ ಹೇಳಿಸುವುದಕ್ಕಾಗಿಯೇ ಮನೆಯನ್ನು ಉಳಿಸಿಕೊಳ್ಳಬೇಕು. ಗರ್ಭಗುಡಿ ಮಾಡುವುದಕ್ಕೆ ಹೊರಟರೆ ಸಾಕ್ಷಿ ಬಾಯಿ ಮುಚ್ಚುತ್ತದೆ.

ಈ ಮನೆ ಉಳಿದದ್ದೇ ಕೂದಲೆಳೆಯ ಅಂತರದಲ್ಲಿ. ನಾರಾಯಣ್ ವಯಸ್ಸಾದ ಮೇಲೆ ಚೆನ್ನೈಗೆ ಹೋದರು, 2001ರ ಮೇ 13ರಂದು ಅಲ್ಲಿಯೇ ತೀರಿಕೊಂಡರು. ಖಾಲಿ ಬಿದ್ದಿದ್ದ ಮೈಸೂರಿನ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಸುದ್ದಿ ಪತ್ರಿಕೆಗಳಿಗೆ ಬಂತು, ಓದುಗರು ದನಿಯೆತ್ತಿದರು, ಆಡಳಿತ ಕೆಲಸ ನಿಲ್ಲಿಸಿತು. ಅಷ್ಟು ಹೊತ್ತಿಗೆ ಕಟ್ಟಡದ ಒಂದು ಭಾಗ ನೆಲಕ್ಕುರುಳಿತ್ತು. ಆಮೇಲೆ ಪಾಲಿಕೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆ ಕೊಂಡಿತು, ಮುರಿದದ್ದನ್ನು ಮತ್ತೆ ಕಟ್ಟಿಸಿತು, 2016ರ ಜುಲೈನಲ್ಲಿ ಜನರಿಗೆ ಬಾಗಿಲು ತೆರೆಯಿತು. ಇಂಥ ಮನೆಗಳು ಉಳಿಯುವುದೇ ಹೀಗೆ, ಹಾರೆ ಗೋಡೆಗೆ ತಾಗಿದ ಸದ್ದು ಕೇಳಿದ ಮೇಲೆ. ಲಂಡನ್ನಿನ ಡೌಟಿ ಬೀದಿಯ 48ನೇ ನಂಬರಿನ ಮನೆಯಲ್ಲಿ ಚಾರ್ಲ್ಸ್ ಡಿಕನ್ಸ್ 1837ರಿಂದ 1839ರವರೆಗೆ ಇದ್ದ. ಆ ಮನೆಯೂ 1920ರ ದಶಕದಲ್ಲಿ ನೆಲಸಮವಾಗುವುದರಲ್ಲಿತ್ತು. ಡಿಕನ್ಸ್ ಅಭಿಮಾನಿಗಳ ಸಂಘ ಅದನ್ನು ಕೊಂಡುಕೊಂಡು 1925ರಲ್ಲಿ ಮ್ಯೂಸಿಯಂ ಮಾಡಿತು.

ಯಾದವಗಿರಿಯ ಮನೆಗೆ ಸಾರ್ವಜನಿಕ ಹಣ ಹಾಕುವುದನ್ನು ಕನ್ನಡದ ಹಲವು ಲೇಖಕರು ಆಗ ವಿರೋಧಿಸಿದರು. ಅವರ ಮಾತನ್ನು ಸಂಕುಚಿತ ಎಂದು ತಳ್ಳಿಹಾಕಿದರೆ ಅನ್ಯಾಯ. ಆಕ್ಷೇಪದಲ್ಲಿ ಎರಡು ಎಳೆಗಳಿದ್ದವು. ನಾರಾಯಣ್ ಅವರ ಮನೆಮಾತು ತಮಿಳು ಎಂಬುದು ಒಂದು. ಅದು ಹೆಚ್ಚು ಹೊತ್ತು ನಿಲ್ಲದು, ಏಕೆಂದರೆ ಮಾಸ್ತಿಯವರ ಮನೆಮಾತೂ ತಮಿಳೇ, ಬೇಂದ್ರೆಯವರದು ಮರಾಠಿ. ಇನ್ನೊಂದು ಎಳೆ ಗಟ್ಟಿಯಾದದ್ದು: ಮಾಸ್ತಿ, ಬೇಂದ್ರೆ ಕನ್ನಡದಲ್ಲಿ ಬರೆದರು, ಕನ್ನಡವನ್ನು ಬೆಳೆಸಿದರು. ನಾರಾಯಣ್ ಬದುಕಿನ ಬಹುಪಾಲು ಮೈಸೂರಿನಲ್ಲಿದ್ದೂ ಇಂಗ್ಲಿಷಿನಲ್ಲೇ ಬರೆದರು. ಕನ್ನಡ ಲೇಖಕರ ಎಷ್ಟೋ ಮನೆಗಳು ಹೇಳಹೆಸರಿಲ್ಲದೆ ಹೋಗಿರುವಾಗ, ಜಗತ್ತಿನಾದ್ಯಂತ ಹೆಸರಾದ ಒಬ್ಬರಿಗೆ ಕನ್ನಡಿಗರ ತೆರಿಗೆಯ ಹಣ ಏಕೆ ಎಂಬ ಪ್ರಶ್ನೆಯಲ್ಲಿ ನೋವಿದೆ, ನ್ಯಾಯವೂ ಇದೆ. ಆದರೆ ಒಂದು ಊರು ತನ್ನೊಳಗೆ ನಡೆದ ಕೆಲಸಕ್ಕೆ ಜವಾಬ್ದಾರ. ಆ ಕೆಲಸ ಯಾವ ಭಾಷೆಯಲ್ಲಿ ನಡೆಯಿತು ಎಂಬುದು ಆಮೇಲಿನ ಮಾತು. ಮೈಸೂರಿನ ಪೇಟೆ, ವಕೀಲರ ಕಚೇರಿ, ಅಚ್ಚುಕೂಟ, ಹೈಸ್ಕೂಲು ಮೇಷ್ಟರು, ಮರದ ಕೆಳಗೆ ಕೂತು ಸಾಲದ ಅರ್ಜಿ ತುಂಬಿಕೊಡುವವನು, ಇವರ ಬದುಕನ್ನು ಅಷ್ಟು ತಾಳ್ಮೆಯಿಂದ ಗಮನಿಸಿದ ಬರಹಗಾರರು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ ಅವರು ಈ ನಾಡಿನ ಬಗ್ಗೆ ಪ್ರವಾಸ ಪುಸ್ತಕ ಬರೆದಿದ್ದರು. 1970ರ ದಶಕದಲ್ಲಿ ಕರ್ನಾಟಕ ಸರ್ಕಾರಕ್ಕಾಗಿ 'ದಿ ಎಮರಾಲ್ಡ್ ರೂಟ್' ಬರೆದರು, ಅದಕ್ಕೆ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಕನ್ನಡ ಲೇಖಕರ ಮನೆಗಳಿಗೆ ದುಡ್ಡಿಲ್ಲ ಎಂಬ ಕೊರಗಿಗೆ ಮದ್ದು ಆ ಮನೆಗಳಿಗೂ ದುಡ್ಡು ಕೊಡುವುದು. ಯಾದವಗಿರಿಯ ಮನೆ ಬಿದ್ದುಹೋಗಿದ್ದರೆ ಬೇರಾವ ಮನೆಯ ಹೆಂಚೂ ಗಟ್ಟಿಯಾಗುತ್ತಿರಲಿಲ್ಲ.

ಇದಕ್ಕಿಂತ ಆಳವಾದ ಆಕ್ಷೇಪ ಬೇರೆ ಇದೆ, ಅದನ್ನು ಎತ್ತುವವರು ಸಾಹಿತ್ಯವನ್ನು ನಿಜವಾಗಿ ಪ್ರೀತಿಸುವವರು. ಲೇಖಕ ಇರುವುದು ಅವನ ಪುಸ್ತಕದಲ್ಲಿ, ಅವನ ಕುರ್ಚಿ ನೋಡಿ ಏನಾಗಬೇಕು ಎಂದು ಅವರು ಕೇಳುತ್ತಾರೆ. ನಾರಾಯಣ್ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಮೊನೆ, ಏಕೆಂದರೆ ಅವರ ಓದುಗರು ಹುಡುಕಿಕೊಂಡು ಬರುವುದು ಅವರ ಕಥೆಗಳ ಊರಾದ ಮಾಲ್ಗುಡಿಯನ್ನು, ಮಾಲ್ಗುಡಿ ಎಲ್ಲಿಯೂ ಇಲ್ಲ. ಆ ಊರು ಹುಟ್ಟಿದ್ದೂ ಮೈಸೂರಿನಲ್ಲಲ್ಲ. 1930ರ ವಿಜಯದಶಮಿಯ ದಿನ, ಅಜ್ಜಿ ಒಳ್ಳೆಯ ದಿನವೆಂದು ಗೊತ್ತುಮಾಡಿದ ಮೇಲೆ, ಬೆಂಗಳೂರಿನಲ್ಲಿ ಹೊಸ ನೋಟ್‌ಬುಕ್ ತೆರೆದು ಕೂತ ಇಪ್ಪತ್ತಮೂರರ ಹುಡುಗನ ಕಣ್ಣಿಗೆ ಒಂದು ಪುಟ್ಟ ರೈಲು ನಿಲ್ದಾಣ ಕಂಡಿತು, ಅದರ ಹೆಸರು ಮಾಲ್ಗುಡಿ. ಅಲ್ಲಿಂದ ಬೆಳೆದ 'ಸ್ವಾಮಿ ಅಂಡ್ ಫ್ರೆಂಡ್ಸ್' ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರ ಮೇಲೊಬ್ಬರು ತಿರುಗಿಸಿ ಕಳಿಸಿದರು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಎಂದು ನಾರಾಯಣ್ ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ನದಿಯ ದಾರಿ ಹಿಡಿಯದೆ ಲೇಖಕ ಗ್ರಹಾಂ ಗ್ರೀನ್ ಕೈಗೆ ಅದನ್ನು ಕೊಟ್ಟದ್ದರಿಂದ 1935ರಲ್ಲಿ ಪುಸ್ತಕ ಹೊರಬಂತು. ಆಗ ಯಾದವಗಿರಿಯ ಮನೆಯ ಪಾಯವನ್ನೂ ತೋಡಿರಲಿಲ್ಲ.

ಈ ಕಾಲಾನುಕ್ರಮವನ್ನು ಪೂರ್ತಿ ಹರಡಿ ನೋಡುವುದು ಒಳ್ಳೆಯದು. ಮನೆಗೆ ಜಾಗ ಕೊಂಡದ್ದು 1940ರ ದಶಕದ ಕೊನೆಯ ಹೊತ್ತಿಗೆ, ಕಟ್ಟಿ ಮುಗಿಯಲು ಹಲವು ವರ್ಷ ಹಿಡಿಯಿತು. 'ದಿ ಬ್ಯಾಚಲರ್ ಆಫ್ ಆರ್ಟ್ಸ್', 'ದಿ ಡಾರ್ಕ್ ರೂಮ್', 'ದಿ ಇಂಗ್ಲಿಷ್ ಟೀಚರ್', 'ಮಿಸ್ಟರ್ ಸಂಪತ್' ಎಲ್ಲವೂ ಅಷ್ಟರಲ್ಲಿ ಬಂದಾಗಿದ್ದವು. ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲಿ, ತಾಯಿ, ಅಣ್ಣತಮ್ಮಂದಿರು, ಮಕ್ಕಳುಮರಿಗಳ ಗದ್ದಲದ ನಡುವೆ ಬರೆದ ಪುಸ್ತಕಗಳವು. ನಾರಾಯಣ್ ಬದುಕನ್ನು ಎರಡಾಗಿ ಸೀಳಿದ ಘಟನೆಯೂ ಯಾದವಗಿರಿಯ ಗೋಡೆಗಳಿಗೆ ತಿಳಿಯದು. ಪತ್ನಿ ರಾಜಂ 1939ರಲ್ಲಿ ಟೈಫಾಯಿಡ್ ಜ್ವರದಿಂದ ತೀರಿಕೊಂಡರು. ಪುಟ್ಟ ಮಗಳು ಹೇಮಾಳನ್ನು ಕೂಡುಕುಟುಂಬದ ಆಸರೆಯಲ್ಲಿ ಬೆಳೆಸುತ್ತ ನಾರಾಯಣ್ ಮತ್ತೆ ಮದುವೆಯಾಗದೆ ಉಳಿದರು. ಆ ದುಃಖದಿಂದಲೇ 1945ರ 'ದಿ ಇಂಗ್ಲಿಷ್ ಟೀಚರ್' ಬಂತು. ಇನ್ನು ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ 'ದಿ ಗೈಡ್' ಕಥೆಯೇ ಬೇರೆ. ಮಳೆಯಿಲ್ಲದ ವರ್ಷದಲ್ಲಿ ಬತ್ತಿದ ಕಾವೇರಿಯ ನೀರಲ್ಲಿ ನಿಂತು ಕೆಲವರು ದಿನಗಟ್ಟಲೆ ಪ್ರಾರ್ಥನೆ ಮಾಡಿದ ಸಂಗತಿ ಅವರ ಮನಸ್ಸಿನಲ್ಲಿ ಕೂತಿತ್ತು. ಆ ಬೀಜ ಮೈಸೂರು ಸೀಮೆಯದು. ಆದರೆ ಕಾದಂಬರಿಯನ್ನು ಅವರು ಬರೆದದ್ದು 1956ರಲ್ಲಿ, ಅಮೆರಿಕದ ಬರ್ಕ್ಲಿ ಪಟ್ಟಣದ ಒಂದು ಹೋಟೆಲ್ ಕೋಣೆಯಲ್ಲಿ. ಇಷ್ಟು ಗೊತ್ತಾದ ಮೇಲೆ, ನಾರಾಯಣ್ ಪ್ರತಿಭೆ ಈ ಮನೆಯಲ್ಲಿ ಉಸಿರಾಡುತ್ತಿದೆ ಎಂಬ ಮಾತನ್ನು ಯಾರೂ ಮನಸ್ಸಿಟ್ಟು ಆಡಲಾರರು.

ಹಾಗಿದ್ದರೂ ಮನೆ ಬೇಕು ಎನ್ನಲು ಕಾರಣ ಈ ಕಾಲಾನುಕ್ರಮದಲ್ಲೇ ಇದೆ. ಬಿ.ಎ. ಮುಗಿಸಿದ ನಾರಾಯಣ್ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿ ಸೇರಿ ಕೆಲವೇ ದಿನಗಳಲ್ಲಿ ಬಿಟ್ಟುಬಂದರು. ಬರೆದೇ ಬದುಕುತ್ತೇನೆ ಎಂದರು. 1930ರ ದಶಕದ ಮೈಸೂರಿನಲ್ಲಿ ಅದೂ ಇಂಗ್ಲಿಷಿನಲ್ಲಿ ಬರೆದು ಬದುಕುತ್ತೇನೆ ಎನ್ನುವುದು ಮನೆಯವರಿಗೆ ಎಷ್ಟು ಕಳವಳ ತಂದಿರಬಹುದು ಎಂದು ಊಹಿಸಬಹುದು. ಹೊಟ್ಟೆಪಾಡಿಗೆ ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಬೀದಿ ಬೀದಿ ತಿರುಗಿ ಕೋರ್ಟು, ಮುನಿಸಿಪಾಲಿಟಿ, ಕಳವು, ಜಗಳಗಳ ಸುದ್ದಿ ಹೊತ್ತು ತಂದರು. ಯುದ್ಧಕಾಲದಲ್ಲಿ ವಿದೇಶಿ ಪ್ರಕಾಶಕರ ದಾರಿ ಮುಚ್ಚಿದಾಗ ಮೈಸೂರಿನಲ್ಲೇ 'ಇಂಡಿಯನ್ ಥಾಟ್' ಪ್ರಕಾಶನ ಶುರುಮಾಡಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿದರು. ನಲವತ್ತು ದಾಟಿದ ಮೇಲೆ ಅವರು ಕಟ್ಟಿಸಿದ ಮನೆ ಯಾದವಗಿರಿಯದು. ಪಿತ್ರಾರ್ಜಿತವಲ್ಲ, ಸಂಬಳ ಪಿಂಚಣಿಯ ಹಣದ್ದೂ ಅಲ್ಲ. ಕಥೆ ಬರೆದು ಬದುಕಿದ ಒಬ್ಬ ಭಾರತೀಯ ಆ ಕಾಲದಲ್ಲಿ ಮನೆ ಎಬ್ಬಿಸಿದ್ದೇ ಒಂದು ಚರಿತ್ರೆ. ಹಾಗೆ ಎಬ್ಬಿಸಿದ ಮನೆಯೊಳಗೆ ಅವರು ಮೊದಲಬಾರಿಗೆ ಬರೆಯಲೆಂದೇ ಒಂದು ಕೋಣೆ ಇಟ್ಟುಕೊಂಡರು, ಎಂಟು ಕಿಟಕಿ ಇಡಿಸಿದರು, ಆಮೇಲೆ ಪರದೆ ಎಳೆದರು. ಬಡತನದ, ಗದ್ದಲದ ವರ್ಷಗಳಲ್ಲಿ ಮೂಡಿದ ಶಿಸ್ತಿಗೆ ನೋಟದ ಸಿರಿವಂತಿಕೆ ಒಗ್ಗಲಿಲ್ಲ ಎಂದು ನಾನು ಅದನ್ನು ಓದುತ್ತೇನೆ. ಪುಸ್ತಕವನ್ನಷ್ಟೇ ಓದಿದವರಿಗೆ ಈ ಸಂಗತಿ ಒಂದು ವಾಕ್ಯ. ಕೋಣೆಯಲ್ಲಿ ನಿಂತವರಿಗೆ ಆ ಕಿಟಕಿಗಳ ಅಗಲ, ಅವು ಒಳಗೆ ಬಿಡುವ ಬೆಳಕು, ಅದನ್ನು ಬೇಡವೆಂದು ತಳ್ಳಲು ಬೇಕಾದ ಗಟ್ಟಿತನ, ಮೂರೂ ಒಟ್ಟಿಗೆ ತಿಳಿಯುತ್ತವೆ.

ಇಂಗ್ಲೆಂಡಿನ ಚಾಟನ್ ಹಳ್ಳಿಯ ಮನೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತು ಇನ್ನೂ ಸ್ಪಷ್ಟವಾದೀತು. ಜೇನ್ ಆಸ್ಟಿನ್ ಅಲ್ಲಿ 1809ರಿಂದ 1817ರವರೆಗೆ ತಾಯಿ, ಅಕ್ಕನ ಜೊತೆ ಇದ್ದಳು. 1949ರಲ್ಲಿ ಅದು ಮ್ಯೂಸಿಯಂ ಆಯಿತು. ನೋಡಲು ಬರುವವರೆಲ್ಲ ನಿಂತುಬಿಡುವುದು ಒಂದು ಪುಟ್ಟ ಮೇಜಿನ ಮುಂದೆ. ನಾಲ್ಕು ಹಾಳೆ ಹರಡಿದರೆ ತುಂಬಿಹೋಗುವಷ್ಟು ಚಿಕ್ಕದು. ಅವಳ ಅಣ್ಣನ ಮಗ ಬಹಳ ವರ್ಷಗಳ ನಂತರ ಬರೆದ ನೆನಪುಗಳ ಪ್ರಕಾರ, ಆ ಮನೆಯ ಒಂದು ಬಾಗಿಲು ಕಿರುಗುಟ್ಟುತ್ತಿತ್ತು, ಅದನ್ನು ಸರಿಮಾಡಿಸುವುದು ಆಸ್ಟಿನ್‌ಗೆ ಬೇಡವಾಗಿತ್ತು. ಯಾರಾದರೂ ಬಂದರೆ ಸದ್ದು ಮುಂಚೆಯೇ ತಿಳಿಸುತ್ತಿತ್ತು, ಹಾಳೆಗಳನ್ನು ಮುಚ್ಚಿಡಲು ಸಮಯ ಸಿಗುತ್ತಿತ್ತು. ಅವಳ ಮೊದಲ ಕಾದಂಬರಿ 1811ರಲ್ಲಿ ಬಂದಾಗ ಮುಖಪುಟದಲ್ಲಿ ಹೆಸರಿರಲಿಲ್ಲ, ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಅಲ್ಲಿ ಬಾಗಿಲ ಕೀಲು, ಇಲ್ಲಿ ಕಿಟಕಿಯ ಪರದೆ. ಒಬ್ಬಳಿಗೆ ತನ್ನದೇ ಆದ ಕೋಣೆಯಿರಲಿಲ್ಲ, ಆದ್ದರಿಂದ ಎಚ್ಚರಿಕೆಯ ಸದ್ದು ಬೇಕಾಯಿತು. ಇನ್ನೊಬ್ಬರಿಗೆ ಕೋಣೆಯಿತ್ತು, ಅದನ್ನು ಕುರುಡಾಗಿಸಿಕೊಳ್ಳುವ ಸ್ವಾತಂತ್ರ್ಯವೂ ಇತ್ತು. ಹೆಣ್ಣು ಮತ್ತು ಗಂಡು, ಎರಡು ಕಾಲ, ಎರಡು ಸಮಾಜ ಬರವಣಿಗೆಗೆ ಹಾಕಿದ ಷರತ್ತುಗಳನ್ನು ಇಷ್ಟು ಚಿಕ್ಕ ವಸ್ತುಗಳು ಹೇಳಬಲ್ಲವು ಎಂದಾದರೆ, ಮನೆ ನೋಡಿ ಏನಾಗಬೇಕು ಎಂಬ ಪ್ರಶ್ನೆಯ ಬಲ ಕುಗ್ಗುತ್ತದೆ.

ಎಲ್ಲ ಮನೆಗಳೂ ಒಂದೇ ಬಗೆಯ ಸಾಕ್ಷಿ ಹೇಳುವುದಿಲ್ಲ, ಇದನ್ನು ಒಪ್ಪಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಹೋದವರಿಗೆ ಎದುರಾಗುವುದು ಕುವೆಂಪು ಅವರ ಬಾಲ್ಯದ ದೊಡ್ಡ ಹೆಂಚಿನ ಮನೆ. ಒಳಗೆ ತೊಟ್ಟಿ, ಮರದ ಕಂಬಗಳು, ಮಲೆನಾಡ ಮನೆವಾರ್ತೆಯ ಪಾತ್ರೆಪಡಗ, ಅವರ ಮದುವೆಯ ಮಂಟಪ. ಅವರು ಬದುಕಿನ ಬಹುಭಾಗ ದುಡಿದು ಬರೆದದ್ದು ಮೈಸೂರಿನಲ್ಲಿ, 'ಉದಯರವಿ'ಯ ಮನೆ ಇರುವುದೂ ಅಲ್ಲೇ. ಹಾಗೆಂದು ಕುಪ್ಪಳಿ ಕಡಿಮೆಯೇನಲ್ಲ, ಅದು ಒರತೆ. 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಅಲ್ಲಿನ ಉಪ್ಪರಿಗೆಯ ಮರದ ಮೆಟ್ಟಿಲು, ಅಡುಗೆಮನೆಯ ಕತ್ತಲು, ಅಂಗಳದಾಚೆಯ ಕಾಡು ಎಲ್ಲವೂ ಕಾದಂಬರಿಯ ಕಚ್ಚಾವಸ್ತುವಾಗಿ ಕಾಣುತ್ತವೆ. ಯಾದವಗಿರಿಯದು ಒರತೆಯಲ್ಲ, ಕಾರ್ಖಾನೆ. ಕುಪ್ಪಳಿಯಲ್ಲಿ ಸಿಗುವ ತುಂಬಿದ ಅನುಭವವನ್ನು ಯಾದವಗಿರಿಯಲ್ಲಿ ಹುಡುಕುವವರು ನಿರಾಶರಾಗಿ ಮರಳುತ್ತಾರೆ. ಆ ನಿರಾಶೆಯ ತಪ್ಪು ಮನೆಯದಲ್ಲ, ಯಾವ ಮನೆಯಲ್ಲಿ ಏನು ಹುಡುಕಬೇಕೆಂದು ನಾವು ಒಬ್ಬರಿಗೊಬ್ಬರು ಹೇಳಿಕೊಟ್ಟಿಲ್ಲ.

ಅಲ್ಲೇನಿದೆ, ಖಾಲಿ ಕೋಣೆಗಳು ತಾನೇ ಎಂಬುದು ಯಾದವಗಿರಿಗೆ ಹೋಗಿಬಂದವರ ಬಾಯಲ್ಲಿ ಬರುವ ಮಾತು. ನಿಜ, ನಾರಾಯಣ್ ಬಳಸಿದ ಪೀಠೋಪಕರಣ ಅಲ್ಲಿ ಬಹಳ ಉಳಿದಿಲ್ಲ. ಕುಟುಂಬದವರು ಕೊಟ್ಟ ಕನ್ನಡಕ, ಉಡುಪು, ಪುಸ್ತಕಗಳು, ಪ್ರಶಸ್ತಿಗಳು, ಗೋಡೆಯ ಮೇಲೆ ಚಿತ್ರಗಳು. ಆದರೆ ವಸ್ತುಗಳ ಮೇಲೆ ನಾವು ಇಡುವ ನಂಬಿಕೆ ಸ್ವಲ್ಪ ಹೆಚ್ಚಾಯಿತು ಎಂದು ನನಗೆ ಅನ್ನಿಸುತ್ತದೆ. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದಾಗ ನಾಡಿಗೆ ನಾಡೇ ಮರುಗಿತು, ಮರುಗಬೇಕಾದದ್ದೇ. ಆದರೂ ಆ ಮನೆ ಏನನ್ನು ಹೇಳುತ್ತಿತ್ತೋ ಅದನ್ನು ಕದಿಯಲಾಗಲಿಲ್ಲ. ಪದಕ ಕೆಲಸ ಮುಗಿದ ಮೇಲೆ ಬಂದದ್ದು, ಮೆಟ್ಟಿಲು, ಕಿಟಕಿ, ಕಂಬ ಕೆಲಸಕ್ಕೆ ಮುಂಚಿನವು. ಯಾದವಗಿರಿಯಲ್ಲಿ ನಿಜವಾಗಿ ಕೊರತೆಯಿರುವುದು ಬರಹದ ಹಾಳೆಗಳದು. ನಾರಾಯಣ್ ಹಸ್ತಪ್ರತಿ, ಪತ್ರಗಳ ದೊಡ್ಡ ಸಂಗ್ರಹಗಳು ಅಮೆರಿಕದ ಬಾಸ್ಟನ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯಗಳಲ್ಲಿವೆ. ಮೂಲ ಅಲ್ಲೇ ಇರಲಿ, ಜೋಪಾನವಾಗಿರುತ್ತದೆ. ಪ್ರತಿ ಮಾಡಿಸಿ ತರುವುದು ಕೋಟಿಗಳ ಮಾತಲ್ಲ. ಹೊಡೆದುಹಾಕಿದ ಸಾಲುಗಳು, ಬದಲಾದ ಹೆಸರುಗಳು ಇರುವ ಒಂದು ಪುಟ ಆ ಕೋಣೆಯಲ್ಲಿದ್ದರೆ, ಸರಾಗ ಎಂದು ನಾವು ಹೊಗಳುವ ಗದ್ಯದ ಹಿಂದಿನ ತಿದ್ದುಪಡಿಯ ದುಡಿಮೆ ಶಾಲಾ ಮಕ್ಕಳಿಗೂ ಅರ್ಥವಾಗುತ್ತದೆ.

ಮಾಲ್ಗುಡಿ ಬೇಕೆಂದವರು ಹೋಗುವ ಜಾಗಗಳೂ ಇವೆ, ಅವನ್ನು ಹಗುರವಾಗಿ ಕಾಣಬಾರದು. ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರಿಸಿದ್ದು ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆ ಎಂದು ನಂಬಿ ಜನ ಇಂದಿಗೂ ಜಗಲಿಯ ಮುಂದೆ ನಿಲ್ಲುತ್ತಾರೆ. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ, ಮೈಸೂರು ಮತ್ತು ಯಲಹಂಕದ ನಡುವಿನ ಒಂದು ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಹುಟ್ಟಿದ ಊರನ್ನು ಕನ್ನಡದ ನಿರ್ದೇಶಕ, ಕನ್ನಡದ ನಟನಟಿಯರು ಮಲೆನಾಡಿಗೆ ತಂದು ನೆಟ್ಟರು. ನಾರಾಯಣ್ ನಮ್ಮವರೇ ಅಲ್ಲವೇ ಎಂಬ ಪ್ರಶ್ನೆಗೆ ಓದುಗರೂ ನೋಡುಗರೂ ಕೊಟ್ಟ ಉತ್ತರ ಅದು. ಆದರೆ ಆಗುಂಬೆಯ ಜಗಲಿ ಕಥೆಯ ಮನೆ, ಯಾದವಗಿರಿಯದು ಕಥೆಗಾರನ ಮನೆ. ಎರಡನ್ನೂ ಒಂದೇ ಎಂದು ಬೆರೆಸಿದ ಕೂಡಲೇ ಎರಡನೆಯದರ ಗೋಡೆಗಳ ಮೇಲೂ ಸ್ವಾಮಿ, ಅವನ ಗೆಳೆಯರಾದ ಮಣಿ, ರಾಜಂರ ಚಿತ್ರಗಳು ಬಂದು ಕೂರುತ್ತವೆ, ಬರೆದವನ ದಿನಚರಿ ಹಿಂದಕ್ಕೆ ಸರಿಯುತ್ತದೆ.

ಆ ದಿನಚರಿಯ ಅರ್ಧ ಮನೆಯ ಹೊರಗೇ ಇತ್ತು. ನಾರಾಯಣ್ ದಿನವೂ ಮೈಸೂರಿನ ಬೀದಿಗಳಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದರು, ಅಂಗಡಿಯವರೊಡನೆ, ವಕೀಲರೊಡನೆ, ಮುದ್ರಕರೊಡನೆ ನಿಂತು ಮಾತಾಡುತ್ತಿದ್ದರು. ನೋಡಬೇಕಾದ್ದನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿ ಬಂದವರಿಗೆ ಕಿಟಕಿಯ ನೋಟ ಬೇಕಿರಲಿಲ್ಲ. ಆದ್ದರಿಂದ ಈ ಮನೆಗೆ ಬರುವವರಿಗೆ ಪಾಲಿಕೆ ಒಂದು ನಡಿಗೆಯ ದಾರಿಯನ್ನೂ ತೋರಿಸಿಕೊಡಲಿ: ಲಕ್ಷ್ಮೀಪುರ, ಅವರ ತಂದೆ ಮುಖ್ಯೋಪಾಧ್ಯಾಯರಾಗಿದ್ದ ಮಹಾರಾಜ ಹೈಸ್ಕೂಲು, ಅವರು ಓದಿದ ಮಹಾರಾಜ ಕಾಲೇಜು, ದೇವರಾಜ ಮಾರುಕಟ್ಟೆ, ಕಡೆಗೆ ಯಾದವಗಿರಿ. ಯಾವ ಪುಸ್ತಕ ಈ ಮನೆಯಲ್ಲಿ ಬರೆದದ್ದು, ಯಾವುದು ಲಕ್ಷ್ಮೀಪುರದ್ದು, ಯಾವುದು ಬರ್ಕ್ಲಿಯದು ಎಂಬ ವಿವರ ಬಾಗಿಲಲ್ಲೇ ಕನ್ನಡದಲ್ಲಿ ಇರಲಿ. ಬರೆಯುವ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಿಗಿಂತ ಹೆಚ್ಚಾಗಿ ಒಂದು ಮೇಜು, ಒಂದು ಕುರ್ಚಿ ಇರಲಿ. ಏಳು ಕಿಟಕಿಗಳನ್ನು ತೆರೆದಿಟ್ಟು, ಕುರ್ಚಿಗೆ ಎದುರಾದ ಎಂಟನೆಯದಕ್ಕೆ ಬೂದು ಬಣ್ಣದ ಬಟ್ಟೆಯನ್ನು ನೆಲದವರೆಗೆ ಇಳಿಬಿಟ್ಟಿರಲಿ.